ಎಡಬಾಗಿಲಿನ ಗೆಜ್ಜೆ

ಶೆಡ್ಡಿನ ಬಾಗಿಲು ತೆರೆದಿತ್ತು!

ಶರೊನಳ ಎದೆ ಧಸಕ್ಕೆಂದಿತು. ಪಪ್ಪಾ ಮಮ್ಮಿಯ ಜೊತೆ ಮೀನು ಮಾರ್ಕೆಟ್ಟಿಗೆ ಹೋಗಿದ್ದಾರೆ. ಅವರಿಲ್ಲದಾಗ ಆ ಬೀಗ ಮುಟ್ಟುವ ಧೈರ್ಯ ಈ ಮನೆಯಲ್ಲಿ ಯಾರಿಗೂ ಇಲ್ಲ. ಮತ್ತೆ... ತೆರೆದವರು ಯಾರು?

ಅತ್ತಾವರದಿಂದ ಬಸ್ಸಿನಲ್ಲಿ ನಿಂತೇ ಬಂದ ಆಯಾಸ ಎಲ್ಲಿಗೋ ಹಾರಿತು. ಚಪ್ಪಲಿಯ ಸದ್ದಾಗದಂತೆ ಒಳಗೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟಳು.

ಕಾರಿನ ಎಡಬಾಗಿಲ ಬಳಿ ಒಬ್ಬ ಯುವಕ ಮಂಡಿಯೂರಿದ್ದ. ಕಣ್ಣು ಮುಚ್ಚಿತ್ತು. ಕಿವಿಯನ್ನು ಬಾಗಿಲಿಗೆ ಒತ್ತಿ ಹಿಡಿದಿದ್ದ. ಪಾಪನಿವೇದನೆಯ ಜಾಲರಿಗೆ ಕಿವಿಗೊಟ್ಟ ಪಾದ್ರಿಯ ಹಾಗೆ!

"ಯಾರು ನೀವು? ಎಂತ ಮಾಡ್ತಾ ಇದ್ದೀರಿ ಇಲ್ಲಿ?"

ಅವನು ಕಣ್ಣು ತೆರೆಯಲಿಲ್ಲ. ಬೆರಳನ್ನು ಮಾತ್ರ ತುಟಿಯ ಮೇಲಿಟ್ಟ.

"ಶ್... ಒಂದು ನಿಮಿಷ."

ಏನು ಧೈರ್ಯ! ನಮ್ಮ ಶೆಡ್ಡಿನಲ್ಲಿ ನನಗೇ ಸುಮ್ಮನಿರು ಅಂತಾನಾ?

"ಒಂದು ನಿಮಿಷವೂ ಇಲ್ಲ, ಅರ್ಧ ನಿಮಿಷವೂ ಇಲ್ಲ. ಏಳಿ ಮೊದಲು! ಇಲ್ಲದಿದ್ರೆ ಬೊಬ್ಬೆ ಹಾಕ್ತೇನೆ."

"ಹಾಕ್ತಾನೇ ಇದ್ದೀರಲ್ಲ," ಎನ್ನುತ್ತ ಅವನು ಎದ್ದು ನಿಂತ. ಎತ್ತರದ ಆಳು. ಮೊಣಕಾಲಿಗೆ ಧೂಳು ಮೆತ್ತಿತ್ತು. ಕಣ್ಣಿನಲ್ಲಿ ಹೆದರಿಕೆಯಿಲ್ಲ... ಆದರೆ ಏನನ್ನೋ ಬೇಗ ಬೇಗನೆ ಒಳಗೆ ಮುಚ್ಚಿಟ್ಟವನ ಗಲಿಬಿಲಿಯಿತ್ತು. ಅದು ಶರೊನಳ ಕಣ್ಣು ತಪ್ಪಲಿಲ್ಲ.

"ಅಯ್ಯೋ ಬಾಯಮ್ಮ, ಹೊಡಿಬೇಡಿ ಅವನಿಗೆ!" ಹಿಂದಿನಿಂದ ಮಮ್ಮು ಕಾಕ ಓಡಿಬಂದರು. ಜೆಪ್ಪುವಿನ ಮೂಲೆಯಲ್ಲಿ ಗ್ಯಾರೇಜು ಇಟ್ಟುಕೊಂಡ ಮುದುಕ, ಪಪ್ಪಾನ ಹಳೆಯ ಗೆಳೆಯ. ಕೈಯಲ್ಲಿ ಶೆಡ್ಡಿನ ಬೀಗದ ಕೈ. "ನಾನೇ ಕರ್ಕೊಂಡು ಬಂದದ್ದು. ಪ್ರೇಮ್ ಅಂತ. ಶಾರ್ಜಾದಲ್ಲಿ ಹಳೇ ಗಾಡಿಗಳ ಕೆಲಸ ಕಲಿತ ಜನ. ನಿಮ್ಮ ಪಪ್ಪಾ ಪೊರ್ಬುಗಳೇ ಕೀ ಕೊಟ್ಟು ಹೋಗಿದ್ದಾರೆ, ಹುಡ್ಡು ರಿಪೇರಿಗೆ."

"ಹುಡ್ಡು ಮೇಲೆ ಉಂಟು ಕಾಕ. ಇವ್ರು ಬಾಗಿಲಿಗೆ ಕಿವಿ ಯಾಕೆ ಇಟ್ಟದ್ದು?"

ಮಮ್ಮು ಕಾಕ ಅವನ ಮುಖ ನೋಡಿದರು. ಅವನು ನೆಲ ನೋಡಿದ.

"ಮರ ಹೇಗುಂಟು ಅಂತ ಕೇಳಿದ್ದು," ಎಂದ.

ಸುಳ್ಳು! ಶರೊನ್ ಮನಸ್ಸಿನಲ್ಲೇ ಅಂದುಕೊಂಡಳು. ಇವನು ಸುಳ್ಳು ಹೇಳ್ತಿದ್ದಾನೆ.

ಅವಳು ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷಿಸುವವಳು. ಗಾಜಿನಾಚೆ ಕುಳಿತವರು ಕೇಳಿಸದಿದ್ದರೂ ಕೇಳಿಸಿತೆಂದು ತಲೆಯಾಡಿಸಿದರೆ ಅವಳಿಗೆ ತಕ್ಷಣ ಗೊತ್ತಾಗುತ್ತದೆ.

*

ಅದು ಅಂತಿಂಥ ಕಾರಲ್ಲ.

ಇಂಗ್ಲೆಂಡಿನ ಒಂದು ಚಿಕ್ಕ ಕಾರ್ಖಾನೆಯಲ್ಲಿ, ಅಚ್ಚಿನ ಹಂಗಿಲ್ಲದೆ, ಮನುಷ್ಯರ ಕೈಯಲ್ಲೇ ಹುಟ್ಟಿದ್ದು. ಮರದ ಚೌಕಟ್ಟು, ಅದರ ಮೇಲೆ ಸುತ್ತಿಗೆಯಲ್ಲಿ ಬಡಿದು ಬಡಿದು ಬಾಗಿಸಿದ ಅಲ್ಯುಮಿನಿಯಂ ತಗಡು, ಒಳಗೆ ಕೈಹೊಲಿಗೆಯ ಚರ್ಮ. ಮೈಯ ಬಣ್ಣ ಹಳೆಯ ಬೆಣ್ಣೆಯದು. ಮಾಡಿದ ಕಾರ್ಖಾನೆ ಎಂದೋ ಮುಚ್ಚಿಹೋಗಿದೆ. ಇಂಥವು ಲೋಕದಲ್ಲಿ ಬೆರಳೆಣಿಕೆಯಷ್ಟೇ ಉಳಿದಿರುವುದು ಎಂದು ಪಪ್ಪಾ, ಅಂದರೆ ಬೊನಿಫಾಸ್, ಬಂದವರಿಗೆಲ್ಲ ಹೇಳುತ್ತಿದ್ದರು. ಜೆಪ್ಪುವಿನ ಹೆಂಚಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅಜ್ಜನಿಗೆ, ಅಲ್ಲಿನ ದೊರೆ ಊರು ಬಿಡುವಾಗ ಕೊಟ್ಟುಹೋದ ಗಾಡಿ.

ಊರಿನವರ ಬಾಯಲ್ಲಿ ಮಾತ್ರ ಅದು 'ಟೊಪ್ಪಿ ತೆಗೆಯುವ ಕಾರು'.

ಇಗರ್ಜಿಯ ಮುಂದೆ ಹೋಗುವಾಗಲೆಲ್ಲ ಅಜ್ಜ ಗಾಡಿ ನಿಲ್ಲಿಸಿ, ಮೊದಲು ತನ್ನ ಟೊಪ್ಪಿ ತೆಗೆದು, ಆಮೇಲೆ ಇಳಿದು ಗಾಡಿಯ ಹುಡ್ಡನ್ನೂ, ಅಂದರೆ ಅದರ ಕ್ಯಾನ್ವಾಸಿನ ಮಾಡನ್ನೂ, ಮಡಚುತ್ತಿದ್ದರಂತೆ. "ದೇವರ ಎದುರು ನಾನು ಮಾತ್ರ ತಲೆ ತೆರೆದರೆ ಸಾಕಾ? ಇದೂ ಅವನೇ ಕೊಟ್ಟದ್ದು." ಮಳೆ ಬರಲಿ, ಬಿಸಿಲಿರಲಿ, ಆ ಪದ್ಧತಿ ತಪ್ಪಲಿಲ್ಲ. ಪಪ್ಪಾನೂ ಅದನ್ನೇ ನಡೆಸಿಕೊಂಡು ಬಂದರು. ಮನೆಯ ಮದುವೆಗಳೆಲ್ಲ ಆ ಗಾಡಿಯಲ್ಲೇ ಇಗರ್ಜಿ ಮುಟ್ಟಿದವು.

ಈಗ ಹುಡ್ಡು ಹರಿದಿತ್ತು, ಅದರ ಮರದ ಕಮಾನು ಮುರಿದಿತ್ತು. ತಂಗಿ ರೀಮಾಳ ಮದುವೆ ಹತ್ತಿರ ಬಂದಿತ್ತು. ಟೊಪ್ಪಿ ತೆಗೆಯಲಾಗದ ಕಾರಿನಲ್ಲಿ ಮಗಳನ್ನು ಕಳಿಸುವುದಿಲ್ಲ ಎಂದು ಪಪ್ಪಾ ಹಟ ಹಿಡಿದಿದ್ದರು.

ಹೆಮ್ಮೆಯಲ್ಲಿ ದೊಡ್ಡ ಹೆಮ್ಮೆ, ಬಾಗಿಲಿನದು. ಬಂದವರ ಎದುರು ಪಪ್ಪಾ ಎಡಬಾಗಿಲನ್ನು ಮೆಲ್ಲಗೆ ನೂಕುತ್ತಿದ್ದರು. ಧಪ್! "ಕೇಳಿ. ದಿಂಬಿನ ಮೇಲೆ ತಲೆ ಇಟ್ಟ ಹಾಗೆ. ಬೇರೆ ಎಂತಾದ್ರೂ ಸದ್ದುಂಟಾ?"

ಇತ್ತು.

ಧಪ್ಪೆಂದ ಮೇಲೆ ಬಾಗಿಲೊಳಗಿಂದ ಕಿಣಿ... ಕಿಣಿ... ಎಂದು ಸಣ್ಣದೊಂದು ಗೆಜ್ಜೆ. ಎಲ್ಲರಿಗೂ ಕೇಳಿಸುತ್ತಿತ್ತು. ಪಪ್ಪಾನಿಗೆ ಮಾತ್ರ ಇಲ್ಲ. ಹಡಗಿನ ಎಂಜಿನ್ ಕೋಣೆಯಲ್ಲಿ ಯೌವನ ಕಳೆದ ಕಿವಿ ಅದು. ತೆಳ್ಳಗಿನ ಸದ್ದುಗಳೆಲ್ಲ ಆಗಲೇ ಸಮುದ್ರದ ಪಾಲಾಗಿದ್ದವು. ಊರಿನವರ ಕಿವಿ ನೋಡುವ ಮಗಳಿಗೆ ಅವರು ತಮ್ಮ ಕಿವಿ ತೋರಿಸಲಿಲ್ಲ. "ನನಗೆಂತ ಆಗಿದೆ? ನೀವೆಲ್ಲ ಬಾಯೊಳಗೇ ಮಾತಾಡೋದು!" ಗೆಜ್ಜೆಯ ಮಾತೆತ್ತಿದರೆ ಊಟ ಬಿಟ್ಟು ಏಳುತ್ತಿದ್ದರು. ಸ್ಕ್ರೂ ಸಡಿಲಾಗಿರಬೇಕು, ತೆಗೆದು ನೋಡುವ ಎಂದ ಮಮ್ಮು ಕಾಕನಿಗೂ ಒಮ್ಮೆ ಬೈಗುಳ ಸಿಕ್ಕಿತ್ತು. ಕೈಹೊಲಿಗೆಯ ಆ ಚರ್ಮಕ್ಕೆ ಕತ್ತರಿ ಹಾಕಲು ಅವರು ಯಾರನ್ನೂ ಬಿಡಲಿಲ್ಲ.

ಹಾಗಾಗಿ ಎಲ್ಲರೂ ಸುಮ್ಮನಾದರು.

ಶರೊನ್ ಆ ಗೆಜ್ಜೆ ಕೇಳಿಯೇ ಬೆಳೆದವಳು. ಹಡಗಿನಿಂದ ಬಂದ ಪಪ್ಪಾ ಸುತ್ತಾಡಿಸಲು ಕರೆದೊಯ್ಯುವಾಗ ಮೊದಲು ಕೇಳಿಸುತ್ತಿದ್ದುದೇ ಅದು. ಅವಳಿಗೆ ಕಿಣಿ ಎಂದರೆ ಪಪ್ಪಾ ಊರಿನಲ್ಲಿದ್ದಾರೆ ಎಂದರ್ಥ.

*

ಪ್ರೇಮ್ ದಿನವೂ ಬಂದ. ಶರೊನಳ ಅನುಮಾನವೂ ದಿನವೂ ಬೆಳೆಯಿತು.

ಕೆಲಸದಲ್ಲಿ ಮಾತ್ರ ಹೆಸರಿಡುವಂತಿರಲಿಲ್ಲ. ಮುರಿದ ಕಮಾನನ್ನು ಬಿಚ್ಚಿ, ಹೊಸ ಮರವನ್ನು ಹಬೆಯಲ್ಲಿ ಬೇಯಿಸಿ ಬಾಗಿಸಿದ. ಕ್ಯಾನ್ವಾಸು ಕತ್ತರಿಸುವ ಮುನ್ನ ಅಂಗೈಯಲ್ಲಿ ಸವರುತ್ತಿದ್ದ. ಆದರೆ ಹುಡ್ಡಿನ ಕೆಲಸದ ನಡುನಡುವೆ ಅವನ ಕಣ್ಣು ಜಾರುತ್ತಿದ್ದುದು ಒಂದೇ ಕಡೆಗೆ.

ಎಡಬಾಗಿಲು!

ಕೊಂಕಣಿ ಬಾರದವನೆಂದು ಅಕ್ಕತಂಗಿಯರು ಅವನ ಎದುರೇ ಕೊಂಕಣಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು.

"ನೋಡು ರೀಮಾ, ಅದು ಕಳ್ಳನ ಕಣ್ಣು. ಬರೆದಿಟ್ಟುಕೋ."

"ಕಳ್ಳನದ್ದೋ ಪೊಲೀಸನದ್ದೋ... ಚಂದ ಉಂಟಲ್ಲ ಮಾರಾಯ್ತಿ!"

"ಚಂದ ಇದ್ದರೆ ಕಳ್ಳ ಆಗಬಾರದೂಂತ ಉಂಟಾ?"

"ಅಂದ್ರೆ ಚಂದ ಉಂಟೂಂತ ನೀನೂ ಒಪ್ಪಿದೆ!"

ಪ್ರೇಮ್ ತಲೆ ತಗ್ಗಿಸಿ ಮೊಳೆ ಹುಡುಕುತ್ತಿದ್ದ. ಕಿವಿಯ ತುದಿ ಯಾಕೋ ಕೆಂಪಾಗಿತ್ತು. ಸೆಕೆಯಿರಬೇಕು ಎಂದುಕೊಂಡಳು ಶರೊನ್.

ಒಂದು ಸಂಜೆ ಚಹಾ ಕೊಡಲು ಹೋದ ಮಮ್ಮಿ ಶೆಡ್ಡಿನಿಂದ ಬೇಗ ಬರಲಿಲ್ಲ. ಶರೊನ್ ಗೋಡೆಯ ಪಕ್ಕ ನಿಂತು ಕಿವಿಗೊಟ್ಟಳು.

"ನಿಮ್ಮ ಮದುವೆಯೂ ಈ ಗಾಡಿಯಲ್ಲೇ ಆಗಿದ್ದಾ ಆಂಟಿ?"

"ಹೌದು ಪುತಾ. ಗಾಡಿ ಓಡಿಸಿದ್ದು ಮಾವ. ಹಿಂದೆ ನಮ್ಮವರು. ಮುಂದೆ ಎಡಗಡೆ ಅವರ ಧೆಡೊ ಡೆರಿಲ್." ಧೆಡೊ ಎಂದರೆ ಮದುಮಗನ ಜೊತೆ ನಿಲ್ಲುವ ಗೆಳೆಯ. ಮದುಮಗಳ ಉಂಗುರ ಅವನ ಜೇಬಿನಲ್ಲೇ ಇಗರ್ಜಿಗೆ ಬರುವುದು. ಮಮ್ಮಿ ದನಿ ತಗ್ಗಿಸಿದರು. "ಆ ಹೆಸರು ಈ ಮನೆಯಲ್ಲಿ ಎತ್ತುವ ಹಾಗಿಲ್ಲ. ಪಾದ್ರಿಗಳು ಉಂಗುರ ಕೇಳಿದಾಗ ಅವನ ಜೇಬಿನಲ್ಲಿ ಉಂಗುರವೇ ಇಲ್ಲ! ನನ್ನ ಅಮ್ಮ ತನ್ನ ಬೆರಳಿನದ್ದು ತೆಗೆದುಕೊಟ್ರು. ಇದೇ ನೋಡು, ಈಗಲೂ ಅದೇ."

"ಮತ್ತೆ... ಅವರು?"

"ಬಿದ್ದುಹೋಯ್ತು ಅಂತ ಆಣೆ ಹಾಕಿದ. ಸೀಟು, ಕಂಬಳಿ ಎಲ್ಲ ಹುಡುಕಿದ್ರು. ಸ್ವಲ್ಪ ದಿನದಲ್ಲೇ ಅವನಿಗೆ ಗಲ್ಫಿಗೆ ಟಿಕೆಟ್ಟಾಯ್ತು. ನಮ್ಮವರು ಇಗರ್ಜಿಯ ಮೆಟ್ಟಿಲಲ್ಲಿ, ಎಲ್ಲರ ಎದುರು... 'ನನ್ನ ಹೆಂಡತಿಯ ಉಂಗುರದಲ್ಲಿ ಹೋಗ್ತಿದ್ದೀ' ಅಂದುಬಿಟ್ರು. ಆ ಮೇಲೆ ಅವನು ಈ ಇಗರ್ಜಿಗೆ ಕಾಲಿಡಲಿಲ್ಲ. ಒಂದೇ ಬಟ್ಟಲಲ್ಲಿ ಉಂಡ ಗೆಳೆಯರು, ಪುತಾ."

ಆಮೇಲೆ ಅವನ ದನಿ, ತೀರಾ ಮೆಲ್ಲಗೆ:

"ಅವತ್ತು... ಎಡಬಾಗಿಲಿನ ಗಾಜು ಇಳಿಸಿತ್ತಾ ಆಂಟಿ?"

ಶರೊನ್ ಬೆಚ್ಚಿದಳು. ಹುಡ್ಡು ಹೊಲಿಯಲು ಬಂದವನಿಗೆ ಮಮ್ಮಿಯ ಮದುವೆಯ ದಿನದ ಗಾಜು ಯಾಕೆ?

*

ಉತ್ತರ ಹುಡುಕುವ ನೆಪದಲ್ಲಿ ಅವಳು ಶೆಡ್ಡಿನಲ್ಲೇ ಕೂರತೊಡಗಿದಳು.

"ಕಾವಲಾ?" ಅವನು ಕೇಳಿದ.

"ಹೌದು."

"ಒಳ್ಳೆಯದಾಯ್ತು. ಸುಮ್ಮನೆ ಕೂರುವ ಬದಲು ಸಹಾಯ ಮಾಡಿ. ನಾನು ತಟ್ತೇನೆ, ಮರ ಎಲ್ಲಿ ಟೊಳ್ಳು ಅಂತ ನೀವು ಹೇಳಿ. ನಿಮ್ಮದು ಒಳ್ಳೇ ಕಿವಿ ಅಂತ ಕಾಕ ಹೇಳಿದ್ರು."

ಅವನು ಗೆಣ್ಣಿನಿಂದ ತಟ್ಟಿದ. ಟಕ್, ಟಕ್, ಟೊಕ್. "ಅಲ್ಲಿ!" ಅವಳು ತನಗರಿವಿಲ್ಲದೆ ಕೂಗಿದಳು. ಅವನು ಉಳಿ ಹಾಕಿ ಒಂದು ಚೂರು ಎತ್ತಿದ. ಒಳಗೆ ಮರ ನಿಜವಾಗಿಯೂ ಪುಡಿಯಾಗಿತ್ತು. ಆ ಚೂರಿನ ಹಿಂದೆ ಪೆನ್ಸಿಲಿನಲ್ಲಿ ಬರೆದ ಒಂದು ಅಂಕೆ, ಪಕ್ಕದಲ್ಲಿ ಎಡವಟ್ಟಾಗಿ ಬಿಡಿಸಿದ ಸಣ್ಣ ಹಕ್ಕಿ.

"ಇದೆಂತ?"

"ಇದನ್ನು ಕೆತ್ತಿದ ಬಡಗಿ ಬಿಡಿಸಿದ್ದು. ಒಂದೊಂದು ತುಂಡೂ ಈ ಗಾಡಿಗೇ ಅಂತ ಕೆತ್ತಿದ್ದು ನೋಡಿ. ಇದರ ಬಾಗಿಲು ಇದಕ್ಕೇ ಕೂರೋದು, ಜೊತೆಗೆ ಹುಟ್ಟಿದ ಇನ್ನೊಂದು ಗಾಡಿಗೂ ಕೂರುವುದಿಲ್ಲ. ತಗಡು ಹೊದಿಸಿದರೆ ಯಾರೂ ನೋಡಲ್ಲ ಅಂತ ಗೊತ್ತಿದ್ರೂ ಬಿಡಿಸಿದ್ದಾನೆ, ಪಾಪ."

ಪೆನ್ಸಿಲಿನ ಹಕ್ಕಿಯ ಮೇಲೆ ಇಬ್ಬರ ತಲೆಯೂ ಬಾಗಿತ್ತು. ಅವನ ಉಸಿರು ಅವಳ ಕೆನ್ನೆಗೆ ತಾಗುವಷ್ಟು ಹತ್ತಿರ. ಶರೊನಳ ಎದೆಬಡಿತ ಅವಳಿಗೇ ಕೇಳಿಸಿತು.

ಇದೆಂತ ಆಗ್ತಿದೆ ನನಗೆ? ಇವನನ್ನು ಹಿಡಿಯಲಿಕ್ಕೆ ಕೂತದ್ದಲ್ವಾ ನಾನು?

ಅವಳು ಥಟ್ಟನೆ ಎದ್ದಳು. ಮೊಣಕೈ ತಾಗಿ ಪೆಟ್ಟಿಗೆಯ ಮೇಲಿದ್ದ ಸುತ್ತಿಗೆ ಉರುಳಿ ಅವನ ಕಾಲಿನ ಮೇಲೇ ಬಿತ್ತು.

"ದೆವಾ ಸಾಯ್ಬಾ!" ಅವನು ಚೀರಿದ.

ಶರೊನ್ ಅವನತ್ತ ತಿರುಗಿದಳು.

ದೇವರನ್ನು ಕರೆಯುವ ಆ ಕೊಂಕಣಿ ಮಾತನ್ನು ಯಾರೂ ಕಲಿತು ಹೇಳುವುದಿಲ್ಲ. ಕೊಂಕಣಿ ಮನೆಯಲ್ಲಿ, ಅಮ್ಮನ ಮಡಿಲಲ್ಲಿ ತೆರ್ಸ್ ಜಪ ಕೇಳುತ್ತ ನಿದ್ದೆಹೋದ ಮಗುವಿನ ಬಾಯಿಂದ ಮಾತ್ರ ಅದು ಹಾಗೆ ಬೀಳುವುದು.

"ನೀವು ನಮ್ಮವರು," ಶರೊನ್ ಕೊಂಕಣಿಯಲ್ಲೇ ಅಂದಳು. "ಇಷ್ಟು ದಿನ... ನಮ್ಮ ಮಾತೆಲ್ಲ ಅರ್ಥ ಆಗ್ತಿತ್ತು!"

"ನನಗೆ ಕೊಂಕಣಿ ಬರ್ತದಾ ಅಂತ ಯಾರೂ ಕೇಳ್ಲಿಲ್ಲ," ಅವನು ಕಾಲು ಹಿಡಿದುಕೊಂಡೇ ಅಂದ. "ಮತ್ತೆ... ಚಂದ ಉಂಟು ಅಂದಾಗ ನಡುವೆ ಬಾಯಿ ಹಾಕುವುದು ಸರಿಯಲ್ಲ ಅನಿಸಿತು."

ಅವಳ ಮುಖ ಕೆಂಡವಾಯಿತು. "ಪ್ರೇಮ್ ಅನ್ನುವುದೂ ಸುಳ್ಳಾ?"

"ಅಲ್ಲ. ನನ್ನದೇ ಹೆಸರು, ಅರ್ಧ." ನಗು ಮಾಯವಾಗಿತ್ತು. "ಉಳಿದರ್ಧ ಹೇಳ್ತೇನೆ ಶರೊನ್. ಸ್ವಲ್ಪ ದಿನ ಕೊಡಿ. ಕೆಟ್ಟದು ಮಾಡ್ಲಿಕ್ಕೆ ಬಂದದ್ದಲ್ಲ. ನಂಬಿ."

ಪಪ್ಪಾನಿಗೆ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ರಾತ್ರಿ ತೆರ್ಸ್‌ಗೆ ಮಂಡಿಯೂರಿದಾಗ ಮಣಿಗಳು ಬೆರಳಿನಲ್ಲಿ ಜಾರುತ್ತಿದ್ದವು, ಮನಸ್ಸಿನಲ್ಲಿ ಮಾತ್ರ ಒಂದೇ ಪದ ನಿಂತಿತ್ತು. ನಂಬಿ...

*

ಭಾನುವಾರ. ಮನೆಯವರೆಲ್ಲ ಪೂಜೆಗೆ ಹೋಗಿ ಬಂದಾಗ ಶೆಡ್ಡಿನ ಬಾಗಿಲು ಅರೆ ತೆರೆದಿತ್ತು. ಪ್ರೇಮ್ ಇರಲಿಲ್ಲ. ಉಪಕರಣಗಳು ಹರಡಿಕೊಂಡೇ ಇದ್ದವು.

ಎಡಬಾಗಿಲಿನ ಚರ್ಮದ ಅಂಚಿನಲ್ಲಿ ಹಳೆಯ ದಾರ ಇರಲಿಲ್ಲ. ಸಣ್ಣ ಪಿನ್ನುಗಳು ಚುಚ್ಚಿದ್ದವು.

ಶರೊನ್ ಪಿನ್ನುಗಳನ್ನು ಮುಟ್ಟಿ ನೋಡಿದಳು. ಬಾಗಿಲನ್ನು ತೆರೆದಳು. ಮೆಲ್ಲಗೆ ನೂಕಿದಳು.

ಧಪ್.

ಕಾದಳು. ಉಸಿರು ಹಿಡಿದು ಕಾದಳು.

ಏನೂ ಇಲ್ಲ.

ಗೆಜ್ಜೆ ಇಲ್ಲ! ಹುಟ್ಟಿದಂದಿನಿಂದ ಕೇಳಿದ ಸದ್ದು ಇಲ್ಲ!

ತೆಗೆದಿದ್ದಾನೆ. ಎಂತದೋ ಇತ್ತು ಒಳಗೆ... ಗೊತ್ತಿತ್ತು ಅವನಿಗೆ. ಅದಕ್ಕೇ ಬಂದ. ನಂಬಿ ಅಂದ. ನಾನು ಪೆದ್ದು, ನಂಬಿದೆ!

ಕಣ್ಣೀರು ಒರೆಸಿಕೊಳ್ಳುವ ತಾಳ್ಮೆಯೂ ಇಲ್ಲದೆ ಅವಳು ಮಮ್ಮು ಕಾಕನ ಗ್ಯಾರೇಜಿಗೆ ನುಗ್ಗಿದಳು.

"ಯಾರು ಅವನು? ನಿಜ ಹೇಳಿ ಕಾಕ. ನೀವೇ ತಂದು ಬಿಟ್ಟದ್ದು!"

ಮುದುಕ ಕೈಯ ಎಣ್ಣೆ ಒರೆಸಿಕೊಂಡರು.

"ಗೇವಿನ್ ಪ್ರೇಮ್. ಡೆರಿಲ್ ಪೊರ್ಬುಗಳ ಮಗ. ಬಿಜೈಯಲ್ಲಿ, ಬಸ್‌ಸ್ಟ್ಯಾಂಡ್ ಹಿಂದಿನ ಫ್ಲಾಟು, ಮೂರನೇ ಮಹಡಿ. ಬಾಯಮ್ಮ, ಬೈಯುವ ಮೊದಲು ಒಂದು ಮಾತು..."

ಅವಳು ಆಗಲೇ ರಿಕ್ಷಾ ಹತ್ತಿದ್ದಳು.

ಡೆರಿಲ್! ಉಂಗುರ ಕದ್ದವನ ಮಗ!

ಫ್ಲಾಟಿನ ಮೂರನೇ ಮಹಡಿ. ಬೆಲ್ಲಿಗೆ ಕೈಯೆತ್ತಿದಳು. ಒಳಗಿನಿಂದ ಒಂದು ವಯಸ್ಸಾದ ದನಿ ಕೇಳಿಸಿತು. ಅಳುವ ದನಿ. ಅವಳ ಕೈ ಅಲ್ಲೇ ನಿಂತಿತು. ಕಿವಿ ತಾನಾಗಿ ಬಾಗಿಲಿಗೆ ತಾಗಿತು.

"...ಗಾಜಿನ ಸಂದಿಯಿಂದ ಬಿದ್ದದ್ದು, ಅಲ್ವಾ? ಬೆವರು ಒರೆಸಲು ಕರ್ಚೀಫು ಎಳೆದಿದ್ದೆ. ಕೈ ಕಿಟಕಿಯ ಮೇಲಿತ್ತು. ಅದರೊಟ್ಟಿಗೇ ಉಂಗುರವೂ ಜೇಬಿನಿಂದ ಬಂದು ಬಿದ್ದಿರಬೇಕು... ದೇವರೇ, ನಾನು ಸುಳ್ಳನಲ್ಲ!"

"ಸುಳ್ಳನಲ್ಲ ಪಪ್ಪಾ. ನೀವು ನೋಡಲಿ ಅಂತಲೇ ಓಡಿ ಬಂದೆ. ಮರದ ಸಂದಿಯಲ್ಲಿತ್ತು."

ಆಮೇಲೆ ಆ ಮುದಿ ದನಿ ಬೇರೆಯೇ ಆಯಿತು.

"ಮಗಾ... ನೀನು ತೆಗೆಯುವಾಗ ಪಕ್ಕದಲ್ಲಿ ಯಾರಿದ್ದರು?"

"ಯಾರೂ ಇರಲಿಲ್ಲ. ಎಲ್ಲ ಪೂಜೆಗೆ ಹೋಗಿದ್ರು. ನನಗೆ ಕಾಯ್ಲಿಕ್ಕೆ ಆಗ್ಲಿಲ್ಲ."

"ಹಾಗಾದರೆ ಮುಗಿಯಿತು. ಬಾಗಿಲಲ್ಲಿತ್ತು ಅಂತ ಯಾರು ನಂಬ್ತಾರೆ? ಅಪ್ಪ ಕದ್ದ, ಮಗ ತಂದುಕೊಟ್ಟ ಅಂತಾರೆ. ಇನ್ನು ನಿನ್ನ ಹೆಸರೂ ಹೋಯಿತು, ಗೇವಿನ್!"

ಶರೊನ್ ಬಾಗಿಲಿಗೆ ಒರಗಿದಳು. ಕೋಪ ಎಲ್ಲಿತ್ತೋ ಅಲ್ಲಿ ಈಗ ಬರಿಯ ನೋವು.

ಬೆಲ್ ಒತ್ತಿದಳು.

ಬಾಗಿಲು ತೆರೆದ ಗೇವಿನ್ ಬಿಳಿಚಿಕೊಂಡ. ಹಿಂದೆ ಕುರ್ಚಿಯಲ್ಲಿ ಸಣಕಲು ಮುದುಕ. ತೆರೆದ ಅಂಗೈಯಲ್ಲಿ ಮಸುಕಾದ ಉಂಗುರ.

"ಶರೊನ್, ನಾನು..."

"ಅದನ್ನು ಇಲ್ಲಿ ಕೊಡಿ."

ಅವಳು ಉಂಗುರವನ್ನು ತಿರುಗಿಸಿ ನೋಡಿದಳು. ಒಳಗೆ ಬೊನಿಫಾಸ್ ಎಂಬ ಹೆಸರು.

"ನನ್ನ ಹತ್ತಿರ ಸಾಕ್ಷಿ ಇಲ್ಲ," ಗೇವಿನ್ ಅಂದ. "ಮೊದಲ ದಿನ ಬಾಗಿಲು ಮುಚ್ಚಿದಾಗಲೇ ಕೇಳಿಸಿತು. ಲೋಹಕ್ಕೆ ಲೋಹ ತಾಗುವ ಸದ್ದು. ಸ್ಕ್ರೂ ಹಾಗೆ ಕಿಣಿ ಅನ್ನುವುದಿಲ್ಲ. ಆದರೆ ನಾನು ಹೇಳಿದ್ದನ್ನು ನೀವು ನಂಬಬೇಕಾಗಿಲ್ಲ. ಹೆಸರು ಮುಚ್ಚಿಟ್ಟವನು ನಾನು."

ಶರೊನ್ ಎದುರಿನ ಸ್ಟೀಲಿನ ತಟ್ಟೆಯ ಮೇಲೆ ಉಂಗುರವನ್ನು ಬೀಳಿಸಿದಳು.

ಕಿಣಿ.

ಅವಳ ಇಂದಿನ ಕಿವಿಯಲ್ಲ ಅದನ್ನು ಕೇಳಿದ್ದು. ಗೇಟಿನ ಹತ್ತಿರ ಪಪ್ಪಾನಿಗಾಗಿ ಓಡುತ್ತಿದ್ದ ಪುಟ್ಟ ಹುಡುಗಿಯ ಕಿವಿ.

"ಸಾಕ್ಷಿ ಉಂಟು," ಅಂದಳು. "ನಾನು ಕೇಳಿದ್ದೇನೆ ಇದನ್ನು. ಹುಟ್ಟಿದಾಗಿಂದ ಕೇಳಿದ್ದೇನೆ. ಅಂಕಲ್, ಅಳಬೇಡಿ. ನಾಳೆ ಸಂಜೆ ನಮ್ಮ ಮನೆಗೆ ಬನ್ನಿ."

"ನಿನ್ನ ಪಪ್ಪಾ ಗೇಟಿನೊಳಗೆ ಬಿಡಲಿಕ್ಕಿಲ್ಲ, ಬಾಯೆ."

"ಗೇಟಿನ ಹೊರಗೇ ನಿಲ್ಲಿ. ಒಂದು ಸದ್ದು ಕೇಳುವಷ್ಟು ಹೊತ್ತು."

*

ಮರುದಿನ ಸಂಜೆ ಚಾವಡಿಯಲ್ಲಿ ಹೆಂಗಸರ ಗುಂಪು ನೆರೆದಿತ್ತು. ಮದುವೆಯ ಮುನ್ನಾದಿನ ಮದುಮಗಳಿ‌ಗೆ ತೆಂಗಿನ ಹಾಲು ಹಚ್ಚುವ ರೋಸ್‌ಗಾಗಿ ನೆರೆಮನೆಯ ಮಟಿಲ್ಡಾ ಆಂಟಿ ವೊವಿಯೊ ಹಾಡು ಕಲಿಸುತ್ತಿದ್ದರು. ಆಗ ಹಾಡುವ ಆ ಪದಗಳಲ್ಲಿ ಮನೆಯವರ ಗುಟ್ಟೆಲ್ಲ ಹಾಸ್ಯವಾಗಿ ಹೊರಬರುವುದು ವಾಡಿಕೆ.

ಶೆಡ್ಡಿನಲ್ಲಿ ಮಮ್ಮಿ, ರೀಮಾ, ಮಮ್ಮು ಕಾಕ, ಗೇವಿನ್ ಎಲ್ಲ ಸುತ್ತ ನಿಂತಿದ್ದರು. ಪಪ್ಪಾ ಹೊಸ ಹುಡ್ಡನ್ನು ಏರಿಸಿ ಇಳಿಸಿ ಮಗುವಿನಂತೆ ನಗುತ್ತಿದ್ದರು. "ಟೊಪ್ಪಿ ತೆಗೆಯಿತು ನೋಡು!"

"ಪಪ್ಪಾ, ಒಂದು ಬೇಡಿಕೆ." ಶರೊನ್ ಅಂಗೈ ಚಾಚಿದಳು. ಅದರಲ್ಲಿ ಕಿವಿಯ ಯಂತ್ರ.

"ಮತ್ತೆ ಶುರುವಾಯ್ತಾ ನಿನ್ನದು?"

"ರೋಸ್‌ನಲ್ಲಿ ಮಟಿಲ್ಡಾ ಆಂಟಿ ನಿಮ್ಮನ್ನು ಎಂತ ಹಾಸ್ಯ ಮಾಡ್ತಾರೆ ಅಂತ ಗೊತ್ತಾಗುವುದು ಬೇಡ್ವಾ? ಎಲ್ಲರೂ ನಗುವಾಗ ನೀವೊಬ್ಬರೇ ಪಿಳಿಪಿಳಿ ನೋಡ್ತಾ ಕೂರೋದಾ?"

ಅದು ನಾಟಿತು. ಗೊಣಗುತ್ತಲೇ ಅವರು ಕಿವಿಯೊಡ್ಡಿದರು. ಮಗಳ ಬೆರಳು ಯಂತ್ರವನ್ನು ಕೂರಿಸಿತು. ಬೊನಿಫಾಸರ ಕಣ್ಣು ನಿಧಾನಕ್ಕೆ ಅಗಲವಾಯಿತು. ಎಲ್ಲೋ ಒಂದು ಗುಬ್ಬಿ... ಒಣಗಿದ ಎಲೆ ನೆಲಕ್ಕೆ ತಾಗಿದ್ದು... ಮಮ್ಮಿಯ ಬಳೆ...

"ಈಗ ಕಣ್ಣು ಮುಚ್ಚಿ, ನಿಮ್ಮ ಬಾಗಿಲು ಕೇಳಿ."

ಧಪ್.

"ನೋಡು! ನಾನು ಹೇಳಿಲ್ವಾ? ಎಂತ ಸದ್ದೂ ಇಲ್ಲ!"

ಮಮ್ಮಿ, ರೀಮಾ, ಮಮ್ಮು ಕಾಕ ಮುಖಮುಖ ನೋಡಿಕೊಂಡರು.

"ಅರೆ... ಗೆಜ್ಜೆ ಎಲ್ಲಿ ಹೋಯ್ತು?" ಮಮ್ಮಿ ಅಂದರು.

"ಮತ್ತೆ ಅದೇ ಗೆಜ್ಜೆಯಾ, ಜೆಸ್ಸಿ?"

ಶರೊನ್ ಗಾಜಿನ ಸಂದಿಯೊಳಗೆ ಏನನ್ನೋ ಬಿಟ್ಟಳು. ಬಾಗಿಲನ್ನು ಮತ್ತೆ ನೂಕಿದಳು.

ಧಪ್. ಕಿಣಿ... ಕಿಣಿ...

"ಹಾಂ, ಇದೇ! ಇದೇ ಸದ್ದು!" ರೀಮಾ ಕೂಗಿದಳು. ಮಮ್ಮು ಕಾಕ ಮೆಲ್ಲಗೆ ತಲೆಯಾಡಿಸಿದರು.

ಬೊನಿಫಾಸರು ಕಣ್ಣು ತೆರೆದರು. ತಾವೇ ಹೋಗಿ ಬಾಗಿಲು ತೆರೆದು ಮುಚ್ಚಿದರು. ಇನ್ನೊಮ್ಮೆ.

"ಇದು... ಯಾವಾಗಿನಿಂದ ಉಂಟು?"

"ನಮ್ಮ ಮದುವೆಯ ಮೊದಲ ಮಳೆಗಾಲದಿಂದ," ಮಮ್ಮಿ ಅಂದರು. "ಹೇಳಿದ್ದೆ ನಾನು. ನೀವು ಮಾತು ಬಿಟ್ರಿ. ಮತ್ತೆ ಹೇಳಲಿಲ್ಲ."

ಗೇವಿನ್ ಮುಂದೆ ಬಂದು ಪಿನ್ನು ಕಿತ್ತ. ಚರ್ಮ ಸರಿಯಿತು. ಮರದ ಸಂದಿಯಿಂದ ಉಂಗುರವನ್ನೆತ್ತಿ ಬೊನಿಫಾಸರ ಅಂಗೈಗಿಟ್ಟ.

"ಈಗ ಹಾಕಿದ್ದು ಶರೊನ್. ನಿನ್ನೆ ಇಲ್ಲಿಂದ ತೆಗೆದದ್ದು ನಾನು, ನಿಮ್ಮನ್ನು ಕೇಳದೆ. ತಪ್ಪಾಯ್ತು. ಆದರೆ ಅಷ್ಟು ವರ್ಷ ಇದು ಇಲ್ಲೇ ಇತ್ತು ಅಂಕಲ್. ಮೊದಲು ಸಂದಿಯಲ್ಲಿ ಸಿಕ್ಕಿಕೊಂಡಿತ್ತು, ಮಳೆಗೆ ಮರ ಅಲುಗಿದ ಮೇಲೆ ಸದ್ದು ಶುರುವಾದದ್ದು. ಇವರೆಲ್ಲ ಕೇಳಿದ್ದಾರೆ."

ಬೊನಿಫಾಸರು ಉಂಗುರದೊಳಗೆ ತಮ್ಮ ಹೆಸರನ್ನು ಓದಿದರು. ಮುಖದ ಬಣ್ಣ ಇಳಿದುಹೋಯಿತು.

"ನೀನು... ಯಾರು?"

"ಗೇವಿನ್ ಪ್ರೇಮ್. ಡೆರಿಲ್ ಮಗ."

ಗೇಟಿನಾಚೆ ಯಾರೋ ಕೆಮ್ಮಿದರು. ಎಂದಿನ ಬೊನಿಫಾಸರಿಗೆ ಅದು ಕೇಳಿಸುತ್ತಿರಲಿಲ್ಲ. ಇಂದು ಕೇಳಿಸಿತು. ತಿರುಗಿ ನೋಡಿದರು. ಗೇಟಿನ ಸರಳು ಹಿಡಿದು ನಿಂತಿದ್ದ ಸಣಕಲು ಮುದುಕನನ್ನು ಗುರುತಿಸಲು ಅವರಿಗೆ ಒಂದು ಗಳಿಗೆ ಹಿಡಿಯಿತು.

ಅವರು ನಡೆದು ಹೋದರು. ಗೇಟು ತೆರೆದರು. ಉಂಗುರವನ್ನು ಡೆರಿಲರ ಅಂಗಿಯ ಜೇಬಿನೊಳಗೆ ಹಾಕಿದರು. ಆಮೇಲೆ, ಅಂದು ಪೀಠದ ಮುಂದೆ ಚಾಚಿದ್ದ ಹಾಗೆಯೇ, ಅಂಗೈ ಚಾಚಿ ನಿಂತರು.

"ಧೆಡ್ಯಾ," ಎಂದರು, "ಉಂಗುರ ಕೊಡು. ಪಾದ್ರಿಗಳು ಕಾಯ್ತಿದ್ದಾರೆ."

ಡೆರಿಲರ ಕೈ ಜೇಬಿಗೆ ಹೋಯಿತು. ಹೊರಬರಲು ಬಹಳ ಹೊತ್ತು ಬೇಕಾಯಿತು. ಉಂಗುರವನ್ನು ಗೆಳೆಯನ ಅಂಗೈಗಿಟ್ಟರು.

ಮಮ್ಮಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

*

ಎಲ್ಲರೂ ಚಾವಡಿಗೆ ಹೋಗಿದ್ದರು. ಇಬ್ಬರು ಗೆಳೆಯರ ನಡುವೆ ಒಂದೇ ಬಟ್ಟಲಿನಲ್ಲಿ ಮಮ್ಮಿ ಏನನ್ನೋ ಬಡಿಸುತ್ತಿದ್ದರು. ಶೆಡ್ಡಿನಲ್ಲಿ ಗೇವಿನ್ ದಾರಕ್ಕೆ ಮೇಣ ಸವರುತ್ತಿದ್ದ.

"ಇನ್ನು ಈ ಬಾಗಿಲು ಸುಮ್ಮನೇ ಇರ್ತದೆ," ಅಂದ. "ನಿಮಗೆ ಬೇಸರ ಆಗ್ಲಿಕ್ಕಿಲ್ವಾ?"

"ಆಗ್ತದೆ." ಶರೊನ್ ಪೆನ್ಸಿಲಿನ ಹಕ್ಕಿಯಿದ್ದ ಮರದ ಚೂರನ್ನು ಕೈಯಲ್ಲಿ ಹಿಡಿದಿದ್ದಳು. "ನಿಮ್ಮನ್ನು ಕಳ್ಳ ಅಂದೆ."

"ಚಂದದ ಕಳ್ಳ."

"ಅದು ರೀಮಾ ಹೇಳಿದ್ದು!"

"ನೀವು ಒಪ್ಪಿದ್ರಿ. ಕೇಳಿಸಿಕೊಂಡಿದ್ದೇನೆ." ಅವನು ದಾರ ಕೆಳಗಿಟ್ಟ. ನಗು ಹೋಗಿ ಮುಖ ಗಂಭೀರವಾಯಿತು. "ನಿನ್ನೆ ಬಾಗಿಲಲ್ಲಿ ನಿಮ್ಮನ್ನು ಕಂಡಾಗ ಎಲ್ಲ ಮುಗಿಯಿತು ಅಂದುಕೊಂಡೆ. ಪಪ್ಪಾನ ಹೆಸರಿಗಾಗಿ ಬಂದವನು ನಾನು. ಆದರೆ ಆಗ ನನಗೆ ಭಯ ಆದದ್ದು ಅದಕ್ಕಲ್ಲ. ಶರೊನ್, ನಾನು ನಿಮ್ಮನ್ನು..."

"ಶ್..." ಅವಳು ಬೆರಳನ್ನು ತುಟಿಯ ಮೇಲಿಟ್ಟಳು. "ಒಂದು ನಿಮಿಷ."

ಚಾವಡಿಯಿಂದ ಮಟಿಲ್ಡಾ ಆಂಟಿಯ ದನಿ ತೇಲಿ ಬರುತ್ತಿತ್ತು. ಹೊಸದಾಗಿ ಕಟ್ಟಿದ ಪದ. ಹಿಂದೆಯೇ ರೀಮಾಳ ಕಿಸಕ್ಕನೆ ನಗು.

*ಕಳ್ಳನೆಂದಳು ದೊಡ್ಡ ಮಗಳು, ಕಳ್ಳ ಬಾಗಿಲು ಬಿಚ್ಚಿದ,*
*ಕದ್ದದ್ದೆಲ್ಲ ಕೊಟ್ಟುಬಿಟ್ಟು ಒಂದು ಮಾತ್ರ ಬಚ್ಚಿಟ್ಟ!*

ಶರೊನ್ ಕೆನ್ನೆ ಮುಚ್ಚಿಕೊಂಡಳು.

"ಎಂತ ಬಚ್ಚಿಟ್ಟದ್ದಂತೆ ನಾನು?" ಗೇವಿನ್ ಕೇಳಿದ.

"ನಿಮಗೆ ಕೊಂಕಣಿ ಬರ್ತದಲ್ಲ, ಅರ್ಥ ಮಾಡ್ಕೊಳ್ಳಿ."

"ಅರ್ಥ ಆಯ್ತು." ಅವನ ದನಿ ತೀರಾ ಮೆಲ್ಲಗಿತ್ತು, ಅವಳ ಕಿವಿಗೆ ಮಾತ್ರ ಕೇಳಿಸುವಷ್ಟು. "ಅದನ್ನೂ ವಾಪಸ್ ಕೊಡ್ಬೇಕಾ?"

ಶರೊನ್ ಉತ್ತರಿಸದೆ ಎಡಬಾಗಿಲನ್ನು ಮೆಲ್ಲಗೆ ನೂಕಿದಳು. ಧಪ್. ಅದರ ಹಿಂದೆ ಬೇರೆ ಯಾವ ಸದ್ದೂ ಇರಲಿಲ್ಲ.

"ಬೇಡ," ಎಂದಳು. "ಅದು ನಿಮ್ಮ ಹತ್ತಿರವೇ ಇರಲಿ."